ಭೂತಾನ್ ನಿಜವಾಗ್ಲೂ ಸ್ವತಂತ್ರ ದೇಶಾನಾ, ಇಲ್ಲಾ ನಮ್ದೇ ಒಂದು ಎಕ್ಸ್‌ಟೆನ್ಶನ್ನಾ?

ಜೇಬಲ್ಲಿ_740

ಹೋದ ತಿಂಗಳು ನಾವು ನಾಲ್ಕು ಜನ ಭೂತಾನ್‌ಗೆ ಹೋಗಿ ಬಂದ್ವಿ. ಬೆಂಗಳೂರಿಂದ ಬಾಗ್‌ಡೋಗ್ರಾಗೆ ಫ್ಲೈಟು, ಅಲ್ಲಿಂದ ಟ್ಯಾಕ್ಸಿ, ಜೈಗಾಂವ್ ಅನ್ನೋ ಊರಲ್ಲಿ ಒಂದು ಗೇಟ್ ದಾಟಿದ್ರೆ ಫುಂಟ್‌ಶೋಲಿಂಗ್, ಅಷ್ಟೇ, ಇನ್ನೊಂದು ದೇಶ. ವೀಸಾ ಬೇಡ, ವೋಟರ್ ಐಡಿ ತೋರಿಸಿದ್ರೆ ಪರ್ಮಿಟ್ ಕೊಡ್ತಾರೆ. ಈ ಕಡೆ ಹಾರ್ನು ಧೂಳು ಕಿರುಚಾಟ, ಆ ಕಡೆ ಹೋದ ತಕ್ಷಣ ಯಾರೋ ಮ್ಯೂಟ್ ಒತ್ತಿದ ಹಂಗೆ.

ಆದ್ರೆ ನಂಗೆ ತಲೇಲಿ ಕೊರೀತಿರೋದು ಬೇರೆ. ರಾಜಧಾನಿ ಥಿಂಪುಗೆ ಹೋಗೋ ರಸ್ತೆ ಉದ್ದಕ್ಕೂ ನಮ್ಮ ಬಿಆರ್‌ಓದವರ (ಗಡಿ ರಸ್ತೆ ಕಟ್ಟೋ ಸಂಸ್ಥೆ) ದಂತಕ್ ಪ್ರಾಜೆಕ್ಟ್‌ನ ಬೋರ್ಡುಗಳು, ದಾರೀಲಿ ಅವರದೇ ಕ್ಯಾಂಟೀನಲ್ಲಿ ಮಸಾಲೆ ದೋಸೆ ಬೇರೆ ತಿಂದ್ವಿ, ಪೆಟ್ರೋಲ್ ನಮ್ದು, ಅಂಗಡೀಲಿ ಬಿಸ್ಕೆಟ್ಟು ಸೋಪು ಎಲ್ಲಾ ನಮ್ದೇ ಕಂಪನಿಗಳದ್ದು, ನಮ್ಮ ಐನೂರರ ನೋಟು ಕೊಟ್ರೆ ಕಣ್ಮುಚ್ಚಿ ತಗೋತಾರೆ. ಚಿಲ್ಲರೆ ಮಾತ್ರ ಅವರ ನ್ಗುಲ್ಟ್ರಮ್‌ನಲ್ಲಿ (ಇದನ್ನ ಹೇಗೆ ಉಚ್ಚಾರ ಮಾಡೋದು ಅಂತ ಏಳು ದಿನ ಇದ್ದೂ ಕಲೀಲಿಲ್ಲ). ವಾಪಸ್ ಬಂದಾಗ ಜೇಬಲ್ಲಿ 740 ಉಳ್ಕೊಂಡಿತ್ತು, ಜೈಗಾಂವ್‌ನಲ್ಲೇ ಖರ್ಚು ಮಾಡ್ಬೇಕಿತ್ತು, ಮರ್ತೆ. ಬಾಗ್‌ಡೋಗ್ರಾದಲ್ಲಿ ಟೀ ಅಂಗಡಿಯವನು ನೋಟು ತಿರುಗಿಸಿ ನೋಡಿ ನಕ್ಕು ವಾಪಸ್ ಕೊಟ್ಟ.

ಅವರಿಗೆ ರಾಜ ಇದಾನೆ, ಪಾರ್ಲಿಮೆಂಟ್ ಇದೆ, ಯುಎನ್‌ನಲ್ಲಿ ಸೀಟ್ ಇದೆ. ಆದ್ರೂ ಭಾರತ ಬೇಡ ಅಂದಿದ್ದನ್ನ ಅವರು ಮಾಡಕ್ಕಾಗತ್ತಾ? ಚೀನಾ ಪಕ್ಕದಲ್ಲೇ ಇದೆ, ಅಲ್ಲಿ ಎಂಬಸಿ ಕೂಡ ಇಲ್ವಂತೆ, ಯಾಕೆ? ಗೊತ್ತಿರೋರು ಹೇಳಿ ಪ್ಲೀಸ್, ವಾಟ್ಸಾಪ್ ಫಾರ್ವರ್ಡ್ ಬೇಡ.

ಪ್ರಿಲಿಮ್ಸ್_ಪೀಡಿತೆ

ಮೂರನೇ ಅಟೆಂಪ್ಟ್‌ಗೆ ಓದ್ತಿದೀನಿ, ಎಲ್ಲಾದ್ರೂ ಉಪಯೋಗ ಆಗ್ಲಿ ಅಂತ ಬರೀತೀನಿ 😅

ಇದರ ಬೇರು ಬ್ರಿಟಿಷರ ಕಾಲದ್ದು. 1910ರ ಪುನಾಖಾ ಒಪ್ಪಂದದಲ್ಲಿ ಬ್ರಿಟಿಷರು, ನಿಮ್ಮ ಮನೆ ಒಳಗಿನ ವಿಷ್ಯಕ್ಕೆ ನಾವು ಕೈ ಹಾಕಲ್ಲ ಆದ್ರೆ ಹೊರಗಿನವರ ಜೊತೆ ವ್ಯವಹಾರ ಮಾಡೋವಾಗ ನಮ್ಮ ಮಾತು ಕೇಳ್ಬೇಕು ಅಂದ್ರು, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಸ್ವಾತಂತ್ರ್ಯ ಬಂದ್ಮೇಲೆ 1949ರಲ್ಲಿ ಡಾರ್ಜಿಲಿಂಗ್‌ನಲ್ಲಿ ನಾವು ಮಾಡ್ಕೊಂಡ ಒಪ್ಪಂದದಲ್ಲೂ ಹೆಚ್ಚು ಕಮ್ಮಿ ಅದೇ ಮಾತು ಎರಡನೇ ಕಲಮಿನಲ್ಲಿ ಹಂಗೇ ಉಳೀತು, ಹಣ ಐದು ಲಕ್ಷ ಆಯ್ತು, ಬ್ರಿಟಿಷರು ಕಿತ್ಕೊಂಡಿದ್ದ ದೇವನ್‌ಗಿರಿ ಕಡೆಯ 32 ಚದರ ಮೈಲಿ ಜಾಗ ವಾಪಸ್ ಕೊಟ್ವಿ. ಆ ಕಲಮು ಹೋಗಿದ್ದು 2007ರಲ್ಲಿ. ಈಗ ಇರೋದು, ಇಬ್ಬರೂ ರಾಷ್ಟ್ರೀಯ ಹಿತಾಸಕ್ತಿ ವಿಷಯದಲ್ಲಿ ನಿಕಟವಾಗಿ ಸಹಕರಿಸ್ತೀವಿ, ಒಬ್ಬರ ನೆಲದಲ್ಲಿ ಇನ್ನೊಬ್ಬರ ವಿರುದ್ಧ ಚಟುವಟಿಕೆ ನಡೆಯೋಕೆ ಬಿಡಲ್ಲ ಅಂತ. ಅಂದ್ರೆ ಕಾಗದದ ಮೇಲೆ ಅವರು ಯಾರ ಮಾತೂ ಕೇಳ್ಬೇಕಿಲ್ಲ.

ಆದ್ರೆ ಭೂತಾನ್ ಮುಖ ದಕ್ಷಿಣಕ್ಕೆ ತಿರುಗಿದ್ದು ಒಪ್ಪಂದದಿಂದ ಅಲ್ಲ, ಟಿಬೆಟ್‌ನಿಂದ. ಅಲ್ಲೀವರೆಗೂ ಅವರ ವ್ಯಾಪಾರ ಧರ್ಮ ಎಲ್ಲಾ ಉತ್ತರದ ಕಡೆಗೇ. 1958ರಲ್ಲಿ ನೆಹರೂ ಅಲ್ಲಿಗೆ ಹೋದಾಗ ನಮ್ಮ ಕಡೆಯಿಂದ ರಸ್ತೇನೇ ಇರ್ಲಿಲ್ಲ, ನಾಥೂ ಲಾ ಹತ್ತಿ ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು ಕುದುರೆ ಮೇಲೆ ಪಾರೋಗೆ ಹೋಗಿದ್ದು. ಯೋಚ್ನೆ ಮಾಡಿ, ನಮ್ಮ ಪ್ರಧಾನಿ ನಮ್ಮ ಪಕ್ಕದ ದೇಶಕ್ಕೆ ಹೋಗೋಕೆ ಚೀನಾ ಹಿಡಿತದಲ್ಲಿದ್ದ ಜಾಗ ದಾಟ್ಬೇಕಿತ್ತು! ಮರುವರ್ಷ ದಲೈ ಲಾಮಾ ಓಡಿ ಬಂದ್ರು, ಭೂತಾನ್ ಹೆದರಿ ಉತ್ತರದ ಗಡಿ ಮುಚ್ಚಿತು, 1961ರಲ್ಲಿ ದಂತಕ್ ಶುರು, ಅದೇ ವರ್ಷ ಅವರ ಮೊದಲ ಪಂಚವಾರ್ಷಿಕ ಯೋಜನೆ, ದುಡ್ಡು ಪೂರ್ತಿ ನಮ್ದು. ನೀವು ದೋಸೆ ತಿಂದ ರಸ್ತೆ ಹುಟ್ಟಿದ್ದು ಹಾಗೆ.

ಸುರಂಗದ_ರಾಯರು

ಒಳ್ಳೆ ಪ್ರಶ್ನೆ. ನಾನು ನಿವೃತ್ತ ಸಿವಿಲ್ ಇಂಜಿನಿಯರ್, ವಾಂಗ್ಡೂ ಕಡೆ ಒಂದು ಜಲವಿದ್ಯುತ್ ಯೋಜನೇಲಿ ಮೂರು ವರ್ಷ ಇದ್ದೆ, ಗುತ್ತಿಗೆದಾರರ ಕಡೆಯಿಂದ. ಭೂತಾನ್ ಅರ್ಥ ಆಗ್ಬೇಕು ಅಂದ್ರೆ ಒಪ್ಪಂದ ಓದಿದ್ರೆ ಸಾಲ್ದು, ಕರೆಂಟ್ ಬಿಲ್ ಓದ್ಬೇಕು.

ಮೊದಲ ದೊಡ್ಡ ಯೋಜನೆ ಚುಖಾ, 336 ಮೆಗಾವ್ಯಾಟ್, ಎಂಬತ್ತರ ದಶಕದ್ದು. ದುಡ್ಡು ಭಾರತದ್ದು, 60 ಪರ್ಸೆಂಟ್ ಅನುದಾನ, 40 ಸಾಲ, ಬಡ್ಡಿ 5 ಪರ್ಸೆಂಟ್. ಆಮೇಲೆ ತಾಲಾ, 1020 ಮೆಗಾವ್ಯಾಟ್, ಅಂದ್ರೆ ಹತ್ತಿರ ಹತ್ತಿರ ನಮ್ಮ ಶರಾವತಿ ವಿದ್ಯುದಾಗಾರದಷ್ಟು (ಅದು 1035), ಅದೂ 60-40 ಲೆಕ್ಕದಲ್ಲೇ. ಎಂಟು ಲಕ್ಷ ಕೂಡ ಜನ ಇಲ್ಲದ ದೇಶಕ್ಕೆ ಇದು ಚಿನ್ನದ ಗಣಿ, ತಮಗೆ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದನ್ನ ನಮಗೆ ಮಾರೋದು. ಎರಡು ಯೋಜನೇನೂ ಹಾಕಿದ ದುಡ್ಡು ಎತ್ತಿ ಕೊಟ್ವು.

ಮಜಾ ಕೆಟ್ಟಿದ್ದು ಮುಂದಿನ ಸುತ್ತಿನಲ್ಲಿ. ಮಾಂಗ್ದೆಛು 720 ಮೆಗಾವ್ಯಾಟ್, ಇಲ್ಲಿ ಲೆಕ್ಕ ಉಲ್ಟಾ, ಅನುದಾನ 30, ಸಾಲ 70, ಬಡ್ಡಿ 10 ಪರ್ಸೆಂಟ್. ಅದು 2019ರಲ್ಲಿ ಶುರುವಾಗಿ ಯೂನಿಟ್‌ಗೆ 4 ರೂಪಾಯಿ 12 ಪೈಸೆ ದರ ಸಿಕ್ತು, ಬದುಕ್ಕೊಂತು. ಪುನಾತ್ಸಾಂಗ್‌ಛು ಒಂದನೇದು, 1200 ಮೆಗಾವ್ಯಾಟ್‌ದು, ಅದರ ಕಥೆ ಕೇಳ್ಬೇಡಿ. 2013ರಲ್ಲಿ ಅಣೆಕಟ್ಟಿನ ಬಲದಂಡೆ ಗುಡ್ಡ ಜಾರೋಕೆ ಶುರು ಆಯ್ತು, ಕಾಂಕ್ರೀಟ್ ಸುರಿದ್ರು, ಆಂಕರ್ ಹೊಡೆದ್ರು, ಗುಡ್ಡ ಅದರ ಪಾಡಿಗೆ ಅದು ಇಳೀತಾನೇ ಇತ್ತು. ಅಂದಾಜು 3,500 ಕೋಟಿ ಅಂತ ಹೊರಟಿದ್ದು 9,000 ದಾಟ್ತು. ಅದೇ ನದಿಯ ಎರಡನೇ ಯೋಜನೆ 2025ರಲ್ಲಿ ಉದ್ಘಾಟನೆ ಆಯ್ತು, ಮೊದಲನೇದು ಇನ್ನೂ ಮುಗಿದಿಲ್ಲ. ಸಾಲಕ್ಕೆ ಮಾತ್ರ ಗುಡ್ಡ ಜಾರಿದ್ದು ಗೊತ್ತಾಗಲ್ಲ, ಬಡ್ಡಿ ಸೇರ್ತಾ ಹೋಗುತ್ತೆ. ಆ ಸಾಲ ಕೊಟ್ಟಿದ್ದೂ ನಾವೇ, ಕರೆಂಟ್ ಕೊಳ್ಳೋದೂ ನಾವೇ. ಇನ್ನೊಬ್ಬರಿಗೆ ಮಾರೋಣ ಅಂದ್ರೆ ಬಾಂಗ್ಲಾಕ್ಕೂ ನಮ್ಮ ನೆಲದ ಮೇಲೇ ಲೈನ್ ಹೋಗ್ಬೇಕು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಇವು ಲಿಂಗನಮಕ್ಕಿ ತರ ವರ್ಷದ ನೀರು ಕೂಡಿಡೋ ಡ್ಯಾಮ್ ಅಲ್ಲ, ಹರಿಯೋ ನೀರನ್ನ ಸುರಂಗಕ್ಕೆ ತಿರುಗಿಸಿ ಹಾಗೇ ಬಿಡೋದು. ಮಳೆಗಾಲದಲ್ಲಿ ಕರೆಂಟೋ ಕರೆಂಟು, ಚಳಿಗಾಲ ಬಂತು ಅಂದ್ರೆ ನದಿ ಸೊರಗಿ, ಮನೆ ಬಿಸಿ ಮಾಡ್ಕೊಳ್ಳೋಕೆ ಬೇಕಾದ ಹೊತ್ತಲ್ಲೇ ಭೂತಾನ್ ನಮ್ಮಿಂದ ಕರೆಂಟ್ ತಗೊಳ್ಳುತ್ತೆ.

ಹುಬ್ಳಿ_ಹೈದ

ರಾಯರ, ಎಲ್ಲಾ ಖರೆ ಐತ್ರಿ, ಆದ್ರ 2013ರ ಗ್ಯಾಸ್ ಸಿಲಿಂಡರ್ ಕಥಿ ಒಬ್ಬರೂ ತಗೀವಲ್ರಿ. ಪ್ರಶ್ನಿ ಕೇಳಿದಾಂವ ಬೇಡ ಅಂದಿದ್ದು ಮಾಡಿದ್ರ ಏನಾಕ್ಕೈತಿ ಅಂತನ ಕೇಳ್ಯಾನ, ಉತ್ತರ ಅಲ್ಲೇ ಐತಿ.

ಆವಾಗಿನ ಪ್ರಧಾನಿ ಜಿಗ್ಮೆ ಥಿನ್ಲೆ 2012ರ ಜೂನ್‌ದಾಗ ರಿಯೋದಾಗ ಚೀನಾ ಪ್ರಧಾನಿ ವೆನ್ ಜಿಯಾಬಾವೋನ ಭೇಟಿ ಆದ. ದಿಲ್ಲಿಗೆ ಸೇರಲಿಲ್ಲ. ಮುಂದಿನ ವರ್ಷ ಎಲೆಕ್ಷನ್, ಮೊದಲ ಸುತ್ತಿನ್ಯಾಗ ಥಿನ್ಲೆ ಪಾರ್ಟಿ 47ರಾಗ 33 ಕ್ಷೇತ್ರದಾಗ ಮುಂದ. ಎರಡನೇ ಸುತ್ತು ಜುಲೈ 13ಕ್ಕ. ಜುಲೈ 1ಕ್ಕ ನಮ್ಮವರು ಭೂತಾನ್‌ಗೆ ಕೊಡ್ತಿದ್ದ ಅಡಗಿ ಗ್ಯಾಸು ಸೀಮೆಎಣ್ಣಿ ಸಬ್ಸಿಡಿ ನಿಲ್ಲಿಸಿಬಿಟ್ರು. ಸಿಲಿಂಡರ್ ರೇಟ್ ಮುಗಿಲಿಗೆ ಹೋತು. ರಿಸಲ್ಟ್ ಬಂದಾಗ ತ್ಶೆರಿಂಗ್ ತೋಬ್ಗೆ ಪಾರ್ಟಿಗೆ 32, ಥಿನ್ಲೆಗೆ 15. ಆಗಸ್ಟ್‌ದಾಗ ಸಬ್ಸಿಡಿ ವಾಪಸ್ ಬಂತು. ಯೋಜನಾ ಅವಧಿ ಮುಗದಿತ್ತು, ಬರೇ ಟೆಕ್ನಿಕಲ್ ಅಂತ ನಮ್ಮವರು ಅಂದ್ರು. ಆಗಿರಬಹುದು. ಹನ್ನೆರಡು ದಿನ ತಡದಿದ್ರ ಯಾರ ಗಂಟು ಹೋಗ್ತಿತ್ತು?

ನಾನೂ ಭಾರತದಾಂವನ, ದೇಶಭಕ್ತಿ ಪಾಠ ಹೇಳಾಕ ಬರಬ್ಯಾಡ್ರಿ.

ಪ್ರಿಲಿಮ್ಸ್_ಪೀಡಿತೆ

@ಹುಬ್ಳಿ_ಹೈದ ಒಪ್ತೀನಿ ಅಣ್ಣ, ಅದು ಒಳ್ಳೆ ಹೆಸರು ತಂದ ಕೆಲಸ ಅಲ್ಲ. ಆದ್ರೆ ಥಿನ್ಲೆ ಸೋತಿದ್ದಕ್ಕೆ ಅದೊಂದೇ ಕಾರಣ ಅನ್ನೋದೂ ಅತಿ ಆಯ್ತು. ಅದಕ್ಕಿಂತ ಒಂದು ವರ್ಷ ಮುಂಚೆ ಅಲ್ಲಿ ರೂಪಾಯಿಗೇ ಬರ ಬಂದಿತ್ತು. @ಜೇಬಲ್ಲಿ_740 ನಿಮ್ಮ ನೋಟಿನ ಕಥೆ ಇಲ್ಲಿಗೇ ಬಂದು ಸೇರುತ್ತೆ ನೋಡಿ. 1974ರಿಂದ ನ್ಗುಲ್ಟ್ರಮ್ಮು ರೂಪಾಯಿ ಸಮ ಸಮ, ಒಂದಕ್ಕೊಂದು. ಆದ್ರೆ ಅವರು ಪ್ರಿಂಟ್ ಹಾಕೋಕೆ ಆಗೋದು ನ್ಗುಲ್ಟ್ರಮ್ ಮಾತ್ರ, ಅಕ್ಕಿ ಪೆಟ್ರೋಲ್ ಕಾರು ಸಿಮೆಂಟ್ ತರಿಸ್ಕೊಳ್ಳೋಕೆ ರೂಪಾಯೀನೇ ಬೇಕು, ಬ್ಯಾಂಕುಗಳು ಕಾರಿಗೆ ಮನೆಗೆ ಸಾಲ ಕೊಟ್ಟಿದ್ದೇ ಕೊಟ್ಟಿದ್ದು, ಒಂದು ದಿನ ನೋಡಿದ್ರೆ ರೂಪಾಯಿ ಡಬ್ಬ ಖಾಲಿ. ಕೂಡಿಟ್ಟ ಡಾಲರ್‌ನಲ್ಲಿ 20 ಕೋಟಿ ಮಾರಿ ರೂಪಾಯಿ ತಗೊಂಡ್ರು, 2012ರಲ್ಲಿ ಕಾರಿನ ಸಾಲ ಮನೆ ಸಾಲ ನಿಲ್ಲಿಸಿದ್ರು. ಜನಕ್ಕೆ ಆ ಸಿಟ್ಟೂ ಇತ್ತು.

ನಮ್ಮ ನೋಟು ಅಲ್ಲಿ ನಡೆಯುತ್ತೆ, ಅವರದ್ದು ಇಲ್ಲಿ ಟೀ ಅಂಗಡೀಲೂ ನಡೆಯಲ್ಲ. 1949ರ ಎರಡನೇ ಕಲಮಿಗಿಂತ ಇದು ಗಟ್ಟಿ.

ಜೇಬಲ್ಲಿ_740

ಅಬ್ಬಾ, ನನ್ನ ಟೀ ಕಥೆಗೆ ಇಷ್ಟು ಅರ್ಥ ಇದೆ ಅಂತ ಗೊತ್ತಿರ್ಲಿಲ್ಲ. ಸರಿ, ಚೀನಾ ವಿಷ್ಯ? ಡೋಕ್ಲಾಮ್ ಟೈಮಲ್ಲಿ ಟೀವಿ ನೋಡಿ ನೋಡಿ ತಲೆ ಕೆಟ್ಟಿತ್ತು, ಜಾಗ ಯಾರದ್ದು ಅಂತಾನೇ ಅರ್ಥ ಆಗ್ಲಿಲ್ಲ.

ಪ್ರಿಲಿಮ್ಸ್_ಪೀಡಿತೆ

ಜಾಗ ಭೂತಾನ್ ನಮ್ದು ಅನ್ನುತ್ತೆ, ಚೀನಾ ನಮ್ದು ಅನ್ನುತ್ತೆ, ಎದುರು ನಿಂತಿದ್ದು ನಾವು, 2017ರ ಜೂನ್‌ನಿಂದ ಆಗಸ್ಟ್ 28ರವರೆಗೆ 73 ದಿನ. ಅದು ಸಿಕ್ಕಿಂ, ಚುಂಬಿ ಕಣಿವೆ, ಭೂತಾನ್ ಸೇರೋ ಮೂಲೆ. ಅಲ್ಲಿಂದ ಕೆಳಗೆ ನೋಡಿದ್ರೆ ಸಿಲಿಗುರಿ, ಈಶಾನ್ಯಕ್ಕೆ ಹೋಗೋ ನಮ್ಮ ಕತ್ತಿನಷ್ಟು ಸಣ್ಣ ದಾರಿ.

ಇಂಟರೆಸ್ಟಿಂಗ್ ಅಂದ್ರೆ 1996ರಲ್ಲಿ ಚೀನಾ ಒಂದು ಆಫರ್ ಇಟ್ಟಿತ್ತು: ಉತ್ತರದ ಪಾಸಮ್‌ಲುಂಗ್, ಜಕರ್‌ಲುಂಗ್ ಕಣಿವೆಗಳ 495 ಚದರ ಕಿಮೀ ನೀವೇ ಇಟ್ಕೊಳಿ, ಡೋಕ್ಲಾಮ್ ಕಡೆಯ 269 ನಮಗೆ ಕೊಡಿ. ಬರೀ ಲೆಕ್ಕ ನೋಡಿದ್ರೆ ಭೂತಾನ್‌ಗೆ ಲಾಭ! ಆದ್ರೂ ಒಪ್ಪಲಿಲ್ಲ. ದಿಲ್ಲಿಗೆ ಆ ಜಾಗದ ಬೆಲೆ ಏನು ಅಂತ ಥಿಂಪುಗೆ ಚೆನ್ನಾಗಿ ಗೊತ್ತು. 1984ರಿಂದ ಗಡಿ ಮಾತುಕತೆ ನಡೀತಾನೇ ಇದೆ, 2023ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನಲ್ಲಿ 25ನೇ ಸುತ್ತು. ಅತ್ಲಾಗೆ ಚೀನಾ ತಾನು ಕೇಳ್ತಿರೋ ಜಾಗದಲ್ಲಿ ಊರುಗಳನ್ನೇ ಕಟ್ಟಿ ಜನ ತುಂಬಿಸ್ತಿದೆ, ಸ್ಯಾಟಲೈಟ್ ಫೋಟೋದಲ್ಲಿ ಎಲ್ಲರೂ ನೋಡಿದ್ದೇ. ಗಲಾಟೆ ಮಾಡಕ್ಕಾಗಲ್ಲ, ಸುಮ್ನಿರಕ್ಕೂ ಆಗಲ್ಲ.

ಎಂಬಸಿ ಬಗ್ಗೆ: ಚೀನಾ ಜೊತೆ ಮಾತ್ರ ಅಲ್ಲ, ಅಮೆರಿಕಾ ರಷ್ಯಾ ಬ್ರಿಟನ್ ಫ್ರಾನ್ಸ್, ಭದ್ರತಾ ಮಂಡಳಿಯ ಐದೂ ಕಾಯಂ ಸದಸ್ಯರಲ್ಲಿ ಯಾರ ಜೊತೆಗೂ ಭೂತಾನ್‌ಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಇಲ್ಲ. ಒಬ್ಬ ದೊಡ್ಡವನನ್ನ ಒಳಗೆ ಕರೆದ್ರೆ ಇನ್ನೊಬ್ಬ ಬಾಗಿಲು ಬಡೀತಾನೆ ಅಂತ ಎಲ್ಲರಿಗೂ ಒಟ್ಟಿಗೇ ಹೊರಗಿಂದಾನೇ ನಮಸ್ಕಾರ.

ಬೈಲುಕುಪ್ಪೆ_ಪಕ್ಕದ್ಮನೆ

ಇಷ್ಟೊತ್ತು ಬರೀ ಓದ್ತಿದ್ದೆ. ನಮ್ಮೂರು ಕುಶಾಲನಗರ ಹತ್ರ, ಇಲ್ಲಿ ನಮ್‌ಡ್ರೋಲಿಂಗ್ ಮಠದಲ್ಲಿ ಭೂತಾನ್‌ನಿಂದ ಬಂದು ಓದೋ ಮರಿ ಲಾಮಾಗಳು ತುಂಬಾ ಜನ. ನಮ್ಮ ಅಂಗಡಿಗೆ ಬರೋ ಒಬ್ರು ಅಚ್ಚುಕಟ್ಟಾಗಿ ಕನ್ನಡ ಮಾತಾಡ್ತಾರೆ, ಅವ್ರನ್ನ ಒಂದ್ಸಲ ಇದೇ ಪ್ರಶ್ನೆ ಕೇಳಿದ್ದೆ. ಭಾರತ ಚೀನಾ ಎರಡರ ಸುದ್ದೀನೂ ಎತ್ಲಿಲ್ಲ ಅವ್ರು, ಅಣ್ಣ ಪರ್ತ್‌ನಲ್ಲಿದಾನೆ, ಅತ್ತಿಗೇನೂ ಅಲ್ಲೇ, ಊರಲ್ಲಿ ಅಮ್ಮ ಒಬ್ಬರೇ ಅಂದ್ರು. ಅಲ್ಲಿನ ಓದಿರೋ ಹುಡುಗರು ಮೇಷ್ಟ್ರು ನರ್ಸು ಆಫೀಸರ್ ಎಲ್ಲಾ ಆಸ್ಟ್ರೇಲಿಯಾಗೆ ಹೋಗ್ತಿದಾರಂತೆ. ಗೆಲೆಫು ಹತ್ರ ರಾಜರು ಹೊಸ ಸಿಟಿ ಕಟ್ತೀವಿ ಅಂತ 2023ರಲ್ಲಿ ಹೇಳಿದ್ದು ಈ ಹುಡುಗರನ್ನ ಉಳಿಸ್ಕೊಳ್ಳೋಕೇನೇ. ಆದ್ರೆ ಅದೂ ಅಸ್ಸಾಂ ಗಡೀಲೇ ಇದೆ, ಕೋಕ್ರಾಝಾರ್‌ನಿಂದ 69 ಕಿಮೀ ರೈಲು ಹಾಕೋದೂ ನಾವೇ.

ಸುರಂಗದ_ರಾಯರು

ಕೊನೇದಾಗಿ ಒಂದು ಮಾತು, ಇಲ್ಲಾಂದ್ರೆ ಭೂತಾನ್‌ನೋರು ಹೂಂ ಅನ್ನೋದೊಂದೇ ಗೊತ್ತಿರೋರು ಅಂತ ಆಗ್ಬಿಡುತ್ತೆ. ಬಾಂಗ್ಲಾ, ಭೂತಾನ್, ಭಾರತ, ನೇಪಾಳ ಈ ನಾಲ್ಕು ದೇಶದ ನಡುವೆ ಗಾಡಿ ಓಡಾಡೋ ಬಿಬಿಐಎನ್ ಒಪ್ಪಂದ 2015ರಲ್ಲಿ ಸಹಿ ಆಗಿದ್ದು ಥಿಂಪುನಲ್ಲೇ, ದಿಲ್ಲಿಗೆ ಅದು ಬಲು ಇಷ್ಟ. ಮರುವರ್ಷ ಅವರ ಮೇಲ್ಮನೆ, ನಮ್ಮ ರಸ್ತೆ ನಮ್ಮ ಗಾಳಿ ತಡೆಯಲ್ಲ ಅಂತ ತಿರಸ್ಕರಿಸ್ತು. ಜಗಳ ಇಲ್ಲ, ಭಾಷಣ ಇಲ್ಲ, ನೀವು ಮೂವರು ಮುಂದುವರೀರಿ ನಾವು ಆಮೇಲೆ ನೋಡ್ತೀವಿ ಅಂದ್ರು. ಹಾಗೇ ಭಾರತೀಯ ಪ್ರವಾಸಿಗರಿಗೆ ಪುಕ್ಕಟೆ ಇದ್ದಿದ್ದನ್ನ ದಿನಕ್ಕೆ 1,200 ರೂಪಾಯಿ ಶುಲ್ಕ ಮಾಡಿದ್ರಲ್ಲ, ನೀವೂ ಕಟ್ಟಿರ್ತೀರಿ. ಸೈಟಲ್ಲೂ ಅವರು ಹೀಗೇ. ಮೀಟಿಂಗಲ್ಲಿ ಅಲ್ಲ ಅಂತ ಹೇಳೋದೇ ಇಲ್ಲ, ನಗ್ತಾ ತಲೆ ಆಡಿಸ್ತಾರೆ, ಫೈಲು ಮಾತ್ರ ಆರು ತಿಂಗಳಾದ್ರೂ ಮುಂದಕ್ಕೆ ಹೋಗಲ್ಲ.

ಹುಬ್ಳಿ_ಹೈದ

ಫೈಲ್ ಮುಂದ ಹೋಗದಿದ್ರ ಸ್ವತಂತ್ರ ದೇಶ ಅನ್ನೂದಾದ್ರ ನಮ್ಮ ತಾಲೂಕು ಆಫೀಸು ಯಾವಾಗೋ ಸ್ವತಂತ್ರ ಆಗೇತ್ರಿ ರಾಯರ 😂

ಜೇಬಲ್ಲಿ_740

😂😂 ನಾಲ್ಕು ಜನಕ್ಕೆ ಆರು ರಾತ್ರಿ, 1,200ರ ಹಂಗೆ 28,800 ಕಟ್ಟಿದೀವಿ ರಾಯರೇ, ಅದೂ ರೂಪಾಯೀಲಿ. ಈಗ ಯಾಕೆ ರೂಪಾಯೀಲಿ ಅಂತ ಅರ್ಥ ಆಯ್ತು.

@ಬೈಲುಕುಪ್ಪೆ_ಪಕ್ಕದ್ಮನೆ ನಿಮ್ಮ ಲಾಮಾ ಅವರು ಊರಿಗೆ ಯಾವಾಗ ಹೋಗ್ತಾರೆ ಕೇಳಿ ಹೇಳ್ತೀರಾ? ಮಡಿಕೇರಿ ಕಡೆ ಬರೋದಿದೆ, 740 ಅವರ ಕೈಗೇ ಕೊಟ್ಬಿಡ್ತೀನಿ.