ಸಹಾಯ ಬೇಕು: ಬಾಳೆಹಣ್ಣಿನ ಲೋಫ್ ಮಧ್ಯದಲ್ಲಿ ಕುಸಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಬಾಳೆಹಣ್ಣು, ಅಕ್ರೋಟ್ ಹಾಕಿ ಮನೆಯಲ್ಲೇ ಲೋಫ್ (ಬ್ರೆಡ್ ಆಕಾರದ ಕೇಕ್) ಮಾಡುತ್ತಿದ್ದೇನೆ, ಮೂರನೇ ಸಲವೂ ಮಧ್ಯ ಕುಸಿದಿದೆ. ಮೇಲೆ ಚೆನ್ನಾಗಿ ಕೆಂಪಗಾಗಿ ಬಿರುಕು ಬಿಟ್ಟಿರುತ್ತದೆ, ಘಮಘಮ ಅನ್ನುತ್ತದೆ, ಆದರೆ ಕತ್ತರಿಸಿದರೆ ತಳದಲ್ಲಿ ಒಂದು ಬೆರಳು ದಪ್ಪ ಹಲ್ವದ ಹಾಗೆ ಅಂಟಂಟು, ಅಕ್ರೋಟ್ ಚೂರುಗಳೆಲ್ಲ ಅಲ್ಲೇ ಇಳಿದು ಕೂತಿರುತ್ತವೆ.

ನನ್ನ ಅಳತೆ: ಮೈದಾ 200 ಗ್ರಾಂ, ಸಕ್ಕರೆ 120, ಬೆಣ್ಣೆ 80, ಮೊಟ್ಟೆ 2, ಅಡುಗೆ ಸೋಡಾ 1 ಟೀ ಚಮಚ, ಮೊಸರು 2 ಚಮಚ. ಹಣ್ಣಿನದ್ದೇ ಗೊಂದಲ. ರೆಸಿಪಿಯಲ್ಲಿ ಸುಮ್ನೆ "3 ಹಣ್ಣು" ಅಂತ ಇತ್ತು. ಮೊದಲ ಸಲ ಪಚ್ಚಬಾಳೆ ಮೂರು ಹಾಕಿದೆ, ಆಮೇಲೆರಡು ಸಲ ಏಲಕ್ಕಿ ಬಾಳೆ, ಅದು ಚಿಕ್ಕದಲ್ವಾ, ಎಂಟು ಹಾಕಿದೆ. ಸಿಪ್ಪೆ ಪೂರ್ತಿ ಕಪ್ಪಾಗಿತ್ತು, ಮಸೆದಾಗ ನೀರು ಬಿಟ್ಟಿತ್ತು. ಜಾಸ್ತಿ ಆಯಿತೇನೋ?

ಓಟಿಜಿಯಲ್ಲಿ (ಮನೆಯ ಚಿಕ್ಕ ಓವನ್) 180 ಡಿಗ್ರಿ, 45 ನಿಮಿಷ. ಕಡ್ಡಿ ಚುಚ್ಚಿದರೆ ಅಂಚಿನಲ್ಲಿ ಒಣಗಿ ಬರುತ್ತದೆ, ಮಧ್ಯದಲ್ಲಿ ಹಿಟ್ಟು ಅಂಟುತ್ತದೆ. 160ಕ್ಕೆ ಇಳಿಸಿ ಒಂದು ಗಂಟೆ ಬಿಡಲಾ, ಇಲ್ಲ ಮೇಲೆ ಫಾಯಿಲ್ ಮುಚ್ಚಿ ಅದೇ ಬಿಸಿಯಲ್ಲಿ ಮುಂದುವರಿಸಲಾ? ಅಕ್ರೋಟನ್ನು ಮೈದಾದಲ್ಲಿ ಹೊರಳಿಸಿ ಹಾಕಿದರೆ ತಳಕ್ಕೆ ಇಳಿಯುವುದಿಲ್ಲ ಅಂತ ಅತ್ತೆ ಹೇಳಿದರು, ಮಾಡಿ ನೋಡಿದವರು ಇದ್ದೀರಾ?

ಏಲಕ್ಕಿ ಬಾಳೆಯಲ್ಲೇ ಮಾಡುವವರು ದಯವಿಟ್ಟು ಮಸೆದ ಹಣ್ಣು ಎಷ್ಟು ಗ್ರಾಂ ಹಾಕುತ್ತೀರಿ ಅಂತ ಹೇಳಿ. ಭಾನುವಾರ ಅಮ್ಮ ಬರುತ್ತಾರೆ, ಅವರಿಗೆ ಕಾಫಿ ಜೊತೆ ಒಂದು ಒಳ್ಳೆಯ ತುಂಡು ಕೊಡಬೇಕು ಅಂತ ತುಂಬಾ ಆಸೆ.