ನಡೆಯುತ್ತಿರುವ ಅನಿಮೇಷನ್ ಕೆಲಸವನ್ನು ಬ್ಲೆಂಡರ್ 4.5ಕ್ಕೆ ಒಯ್ಯಬಹುದೇ?

ಪ್ರಶ್ನೆ

ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನ 4.2 ಆವೃತ್ತಿಯಲ್ಲಿ ಗ್ರೀಸ್ ಪೆನ್ಸಿಲ್ (ಗೆರೆ ಎಳೆದು ಚಿತ್ರ ಬಿಡಿಸುವ ಸಾಧನ) ಬಳಸಿ ಕಿರುಚಿತ್ರವೊಂದನ್ನು ಮಾಡುತ್ತಿದ್ದೇನೆ. ಪಾತ್ರಗಳನ್ನು ಕದಲಿಸುವ ಚೌಕಟ್ಟು, ಅಂದರೆ ರಿಗ್ ಸಿದ್ಧವಾಗಿದ್ದು, ಅರ್ಧದಷ್ಟು ಶಾಟ್‌ಗಳ ಅನಿಮೇಷನ್ ಮುಗಿದಿದೆ. 4.3ರಲ್ಲಿ ಗ್ರೀಸ್ ಪೆನ್ಸಿಲ್ಲನ್ನು ಬುಡದಿಂದಲೇ ಹೊಸದಾಗಿ ಬರೆಯಲಾಗಿದೆ ಎಂದೂ, 4.4ರಲ್ಲಿ ಆಕ್ಷನ್‌ಗಳಿಗೆ (ಚಲನೆಯನ್ನು ದಾಖಲಿಸಿಡುವ ಘಟಕಗಳಿಗೆ) ಸ್ಲಾಟ್ ವ್ಯವಸ್ಥೆ ಬಂದಿದೆ ಎಂದೂ ಓದಿದೆ. ಈ ಹಂತದಲ್ಲಿ 4.5ಕ್ಕೆ ಹೋಗುವುದು ಸರಿಯೇ? ಲೇಯರ್‌ಗಳ ಹೆಸರು ಬದಲಿಸಲು, ಗೆರೆಗಳ ದಪ್ಪ ಸರಿಪಡಿಸಲು ನಾನೇ ಬರೆದುಕೊಂಡ ಪೈಥಾನ್ ಸ್ಕ್ರಿಪ್ಟ್‌ಗಳೂ ಇವೆ.

ಉತ್ತರ 1

ಈ ಚಿತ್ರವನ್ನು 4.2ರಲ್ಲೇ ಮುಗಿಸಿ ಎನ್ನುವುದು ನನ್ನ ಸಲಹೆ. ಹಳೆಯ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ ಗ್ರೀಸ್ ಪೆನ್ಸಿಲ್ ಚಿತ್ರಗಳು ತಾವಾಗಿಯೇ ಹೊಸ ರೂಪಕ್ಕೆ ಬದಲಾಗುತ್ತವೆ. ಆದರೆ ಒಮ್ಮೆ ಅಲ್ಲಿ ಸೇವ್ ಮಾಡಿದ ಮೇಲೆ ಆ ಚಿತ್ರಗಳನ್ನು 4.2 ಓದಲಾರದು. ಅಂದರೆ ಅರ್ಧ ಶಾಟ್‌ಗಳು ಅಲ್ಲಿ, ಅರ್ಧ ಇಲ್ಲಿ ಎಂದು ಇಟ್ಟುಕೊಂಡು ಕೆಲಸ ನಡೆಸುವ ದಾರಿಯೇ ಇಲ್ಲ. 4.5ರಂತೆ 4.2 ಕೂಡ ದೀರ್ಘಾವಧಿ ಬೆಂಬಲವಿರುವ ಆವೃತ್ತಿಯೇ ಆಗಿರುವುದರಿಂದ, 2024ರ ಜುಲೈನಲ್ಲಿ ಬಿಡುಗಡೆಯಾದ ಅದಕ್ಕೆ ಎರಡು ವರ್ಷಗಳ ಕಾಲ ದೋಷ ತಿದ್ದುಪಡಿಗಳು ಸಿಗುತ್ತವೆ. ಹೊಸ ಗ್ರೀಸ್ ಪೆನ್ಸಿಲ್‌ನಲ್ಲಿ ಲೇಯರ್‌ಗಳನ್ನು ಗುಂಪು ಮಾಡಬಹುದು, ಆಕಾರಗಳನ್ನು ನಿಯಮಗಳ ಮೂಲಕ ರೂಪಿಸುವ ಜಿಯೋಮೆಟ್ರಿ ನೋಡ್‌ಗಳನ್ನು ಗೆರೆಗಳ ಮೇಲೂ ಬಳಸಬಹುದು. ಇವು ಒಳ್ಳೆಯವೇ, ಆದರೆ ಅರ್ಧ ಮುಗಿದ ಚಿತ್ರವನ್ನು ಅಲುಗಾಡಿಸುವಷ್ಟು ತುರ್ತಿನವಲ್ಲ.

ಉತ್ತರ 2

ಚಿತ್ರದ ಮಟ್ಟಿಗೆ ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೆ ಸ್ಲಾಟ್‌ಗಳ ವಿಷಯ ಬೇರೆ. ಇತ್ತೀಚಿನ ಬದಲಾವಣೆಗಳಲ್ಲಿ ಅನಿಮೇಷನ್ ಮಾಡುವವರ ದಿನನಿತ್ಯದ ಕೆಲಸವನ್ನು ನಿಜಕ್ಕೂ ಹಗುರ ಮಾಡಿದ್ದು ಅದೇ ಎನ್ನುವುದು ನನ್ನ ಅನಿಸಿಕೆ. ಒಂದು ಚೆಂಡು ಪುಟಿಯುತ್ತದೆ, ನೆಲ ಮುಟ್ಟಿದಾಗ ಶೇಪ್ ಕೀ (ಉಳಿಸಿಟ್ಟ ಬದಲಿ ಆಕಾರ) ಮೂಲಕ ಚಪ್ಪಟೆಯಾಗುತ್ತದೆ, ಅದೇ ಹೊತ್ತಿಗೆ ಅದರ ಮೆಟೀರಿಯಲ್‌ನ ಬಣ್ಣ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಮೊದಲು ಈ ಮೂರಕ್ಕೂ ಮೂರು ಬೇರೆ ಬೇರೆ ಆಕ್ಷನ್‌ಗಳು ಹುಟ್ಟುತ್ತಿದ್ದವು, ಒಂದನ್ನು ಮರುಬಳಕೆ ಮಾಡಹೋದರೆ ಉಳಿದೆರಡನ್ನು ಹುಡುಕಿ ಜೋಡಿಸಬೇಕಿತ್ತು. 4.4ರಿಂದ ಅವು ಒಂದೇ ಆಕ್ಷನ್‌ನೊಳಗೆ ಮೂರು ಸ್ಲಾಟ್‌ಗಳಾಗಿ ಕೂರುತ್ತವೆ.

ಹೊಸಬರು ಎಡವುವ ಜಾಗವೊಂದಿದೆ. ಆಕ್ಷನ್ ಆಯ್ಕೆಯಾಗಿದ್ದು ಸ್ಲಾಟ್ ಆಯ್ಕೆಯಾಗಿರದಿದ್ದರೆ ವಸ್ತು ಕದಲುವುದೇ ಇಲ್ಲ. ದೋಷ ಸೂಚನೆಯೂ ಬಾರದ ಕಾರಣ ರಿಗ್ ಕೆಟ್ಟಿದೆ ಎಂದು ಮೊದಲು ಅನಿಸುವುದು ಸಹಜ; ಆಕ್ಷನ್ ಹೆಸರಿನ ಜೊತೆಗಿರುವ ಸ್ಲಾಟ್ ಆಯ್ಕೆಯನ್ನು ನೋಡಿದರೆ ಸಾಕು. ಹಳೆಯ ಕಡತದ ಆಕ್ಷನ್‌ಗಳು ತಾವಾಗಿ ಒಂದಾಗುವುದಿಲ್ಲ, ತಲಾ ಒಂದು ಸ್ಲಾಟ್ ಪಡೆದು ಹಾಗೆಯೇ ಉಳಿಯುತ್ತವೆ. ಬೇಕಿದ್ದರೆ ಅವನ್ನು ನೀವೇ ಸೇರಿಸಬೇಕು.

ಉತ್ತರ 3

ಸ್ಕ್ರಿಪ್ಟ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಗ್ರೀಸ್ ಪೆನ್ಸಿಲ್‌ಗೆ ಬರೆದವು 4.3ರಿಂದ ಮುಂದೆ ಹಾಗೆಯೇ ಓಡುವುದಿಲ್ಲ. ಲೇಯರ್‌ನ ಹೆಸರು ಮೊದಲು ‘ಇನ್ಫೊ’ ಎಂಬ ಗುಣದಲ್ಲಿತ್ತು, ಈಗ ‘ನೇಮ್’ನಲ್ಲಿದೆ. ಮೊದಲು ಫ್ರೇಮ್‌ನಿಂದ ನೇರವಾಗಿ ಗೆರೆಗಳನ್ನು ಪಡೆಯುತ್ತಿದ್ದೆವು, ಈಗ ಫ್ರೇಮ್‌ನೊಳಗಿನ ‘ಡ್ರಾಯಿಂಗ್’ ಮೂಲಕ ಹೋಗಬೇಕು. ಗೆರೆಯ ದಪ್ಪ ಪ್ರತಿ ಬಿಂದುವಿನ ತ್ರಿಜ್ಯವಾಗಿ ದಾಖಲಾಗುವುದರಿಂದ, ನಿಮ್ಮ ಎರಡನೆಯ ಸ್ಕ್ರಿಪ್ಟಿನ ಲೆಕ್ಕವನ್ನೇ ಹೊಸದಾಗಿ ಬರೆಯಬೇಕಾದೀತು. ಕೀಫ್ರೇಮ್‌ಗಳನ್ನು (ಚಲನೆಯ ಮುಖ್ಯ ಹಂತಗಳ ಗುರುತುಗಳನ್ನು) ಓದುವ ಹಳೆಯ ವಿಧಾನ ಮಾತ್ರ 4.5ರಲ್ಲಿ ಇನ್ನೂ ನಡೆಯುತ್ತದೆ, ಅದನ್ನು 5.0ರಲ್ಲಿ ತೆಗೆಯಲಾಗಿದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಚಿತ್ರವನ್ನು 4.2ರಲ್ಲೇ ಮುಗಿಸುತ್ತೇನೆ. 4.5ನ್ನು ಬೇರೆ ಫೋಲ್ಡರಿನಲ್ಲಿ ಹಾಕಿಕೊಂಡು, ಒಂದು ಶಾಟ್‌ನ ಪ್ರತಿಯ ಮೇಲೆ ಸ್ಕ್ರಿಪ್ಟ್‌ಗಳನ್ನು ತಿದ್ದಲು ತೊಡಗುತ್ತೇನೆ. ದಪ್ಪದ ಲೆಕ್ಕ ಹೊಂದದಿದ್ದರೆ ಕೋಡ್ ಸಮೇತ ಇಲ್ಲಿಯೇ ಕೇಳುತ್ತೇನೆ.