ಸಹಾಯ ಬೇಕು: ‘ಸ್ಕ್ವೇರ್ ಪೆಗ್ಸ್’ ಡಿವಿಡಿ ತರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ಸದ್ಯದಲ್ಲೇ ಊರಿಗೆ ಬರುವವರು ಯಾರಾದರೂ ಇದ್ದರೆ ಒಂದು ಉಪಕಾರವಾಗಬೇಕು. ಸಿಬಿಎಸ್ ವಾಹಿನಿಯಲ್ಲಿ 1982ರಲ್ಲಿ ಶುರುವಾಗಿ ಮರುವರ್ಷವೇ ನಿಂತುಹೋದ ‘ಸ್ಕ್ವೇರ್ ಪೆಗ್ಸ್’ ಹಾಸ್ಯ ಧಾರಾವಾಹಿಯ ಡಿವಿಡಿ ಸೆಟ್ ಬೇಕಾಗಿದೆ. ಇರುವುದೇ 20 ಕಂತು. ಪೂರ್ತಿ ಸೆಟ್ 2008ರಲ್ಲಿ ಬಿಡುಗಡೆಯಾಗಿತ್ತು. ಹಳೆಯದಾದರೂ ಸರಿ, ಗೀರು ಬಿದ್ದಿರಬಾರದು ಅಷ್ಟೇ.

ವೀಮಾವೀ ಹೈಸ್ಕೂಲಿಗೆ ಹೊಸದಾಗಿ ಸೇರಿದ ಪ್ಯಾಟಿ, ಲಾರೆನ್ ಎಂಬ ಗೆಳತಿಯರು ಅಲ್ಲಿನ ಠೀವಿಯ ಗುಂಪಿನಲ್ಲಿ ಜಾಗ ಗಿಟ್ಟಿಸಲು ಪಡುವ ಪಾಡೇ ಕಥೆ. ಕನ್ನಡಕದ ಪ್ಯಾಟಿ ಬೇರೆ ಯಾರೂ ಅಲ್ಲ, ಮುಂದೆ ಹೆಸರಾಂತ ನಟಿಯಾದ, ಆಗಿನ್ನೂ ಹದಿಹರೆಯದ ಸಾರಾ ಜೆಸ್ಸಿಕಾ ಪಾರ್ಕರ್! ಆದರೆ ನನಗೆ ಬೇಕಾಗಿರುವುದು ಜಾನಿ ಸ್ಲ್ಯಾಶ್. ಕಪ್ಪು ಕನ್ನಡಕ, ಕಿವಿಗೆ ಹೆಡ್‌ಫೋನ್; ಯಾರಾದರೂ ತನ್ನನ್ನು ಪಂಕ್ (ಅಬ್ಬರದ ರಾಕ್ ಸಂಗೀತದ ಪಂಗಡ) ಎಂದರೆ ಸಾಕು, ತಾನು ನ್ಯೂ ವೇವ್ (ಅದರ ನಂತರ ಬಂದ ಇನ್ನೊಂದು ಸಂಗೀತ ಶೈಲಿ) ಎಂದು ಗಂಭೀರವಾಗಿ ತಿದ್ದುತ್ತಾನೆ. ಆ ಪಾತ್ರ ಮಾಡಿದ ಮೆರಿಟ್ ಬುಟ್ರಿಕ್ 1989ರಲ್ಲೇ ತೀರಿಕೊಂಡರು.

ಇನ್ನೊಂದು ತೊಡಕಿದೆ. ಡಿವಿಡಿಗಳಿಗೆ ದೇಶವಾರು ವಲಯ ಸಂಖ್ಯೆ ಇರುತ್ತದೆ: ಅಮೆರಿಕದ ಡಿಸ್ಕ್‌ಗಳು 1ನೇ ವಲಯದವು, ನಮ್ಮ ಮನೆಯ ಪ್ಲೇಯರ್ 5ನೇ ವಲಯದ್ದು, ಹಾಗಾಗಿ ಅವು ಇದರಲ್ಲಿ ಓಡುವುದಿಲ್ಲ. ಎಲ್ಲ ವಲಯದ ಡಿಸ್ಕ್ ಓದುವ ಪ್ಲೇಯರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈಗಲೂ ಸಿಗುತ್ತದೆಯೇ? ಬಲ್ಲವರು ತಿಳಿಸಿ. ಡಿವಿಡಿಯ ಬೆಲೆ, ಕೊರಿಯರ್ ಖರ್ಚು ಎರಡನ್ನೂ ಮುಂಗಡವಾಗಿಯೇ ಕಳುಹಿಸುತ್ತೇನೆ.